ಕೆಲಸ ಯಾಕೆ ಹೇಳಿದ ದಿನಕ್ಕೆ ಮುಗಿಯುವುದಿಲ್ಲ?

ಒಂದು ಪ್ರಾಜೆಕ್ಟಿನ ಹೊಣೆ ಮೊದಲ ಸಲ ತಲೆ ಮೇಲೆ ಬಿದ್ದಾಗ ಕೆಲವು ಹೆಸರುಗಳು ಪದೇಪದೇ ಕಿವಿಗೆ ಬೀಳಲು ಶುರುವಾಗುತ್ತವೆ. ಮೀಟಿಂಗಿನಲ್ಲಿ ಒಬ್ಬರು ‘ಇದು ಪಾರ್ಕಿನ್ಸನ್ ನಿಯಮ’ ಅನ್ನುತ್ತಾರೆ. ಇನ್ನೊಬ್ಬರು ‘ಈಗ ಜನ ಸೇರಿಸಿದರೆ ಬ್ರೂಕ್ಸ್ ಹೇಳಿದ ಹಾಗೇ ಆಗೋದು’ ಅನ್ನುತ್ತಾರೆ. ಸುತ್ತ ಕೂತವರೆಲ್ಲ ತಲೆಯಾಡಿಸುತ್ತಾರೆ. ಹೊಸದಾಗಿ ಟೀಮ್ ಲೀಡ್ ಆದವರೂ ತಲೆಯಾಡಿಸುತ್ತಾರೆ, ಬೇರೆ ದಾರಿ ಇಲ್ಲವಲ್ಲ.

ಈ ನಿಯಮಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯ ಸುತ್ತ ಹುಟ್ಟಿದವು. ಕೆಲಸ ಬಲ್ಲವರೇ, ಮೈಮುರಿದು ದುಡಿಯುವವರೇ ಸೇರಿ ಮಾಡಿದರೂ ಕೆಲಸ ಯಾಕೆ ತಡವಾಗುತ್ತದೆ? ತಡವಾದ ಕೂಡಲೇ ನಾವು ಯಾರು ಸೋಮಾರಿ ಅಂತ ಹುಡುಕಲು ಹೊರಡುತ್ತೇವೆ. ಈ ನಿಯಮಗಳು ಬೇರೆ ಕಡೆ ಬೆರಳು ತೋರಿಸುತ್ತವೆ: ನಾವು ದಿನ ಲೆಕ್ಕ ಹಾಕುವ ರೀತಿ, ಒಂದು ಕೆಲಸ ಇನ್ನೊಂದಕ್ಕೆ ಕಾಯುವ ರೀತಿ, ಜನರ ನಡುವೆ ಮಾತು ಹರಿಯುವ ರೀತಿ. ಅಲ್ಲಿ ಸಿಕ್ಕಿಹಾಕಿಕೊಂಡ ದಿನಗಳು ಯಾರ ಲೆಕ್ಕದಲ್ಲೂ ಕಾಣುವುದಿಲ್ಲ.

ಮೊದಲಿಗೆ, ಇವು ಎಂಥ ನಿಯಮಗಳು?

ನಿಯಮ ಅಂದ ಕೂಡಲೇ ಗುರುತ್ವಾಕರ್ಷಣೆಯಂಥದ್ದು ಅಂದುಕೊಳ್ಳಬೇಡಿ. ಇವುಗಳಲ್ಲಿ ಮೂರು ಜಾತಿ ಇವೆ. ಮುಂದೆ ನೋಡಲಿರುವ ಲಿಟಲ್ ನಿಯಮದಂಥವು ಶುದ್ಧ ಗಣಿತ, ಅವಕ್ಕೆ ಗಣಿತದ ಪುರಾವೆ ಇದೆ. ಅಂದಾಜಿನ ತಪ್ಪಿನ ಬಗ್ಗೆ ಹೇಳುವಂಥವು ಮನಃಶಾಸ್ತ್ರದ ಪ್ರಯೋಗಗಳಿಂದ ಬಂದವು. ಇನ್ನು ಪಾರ್ಕಿನ್ಸನ್ ನಿಯಮದಂಥವು ಹುಟ್ಟಿದ್ದೇ ವ್ಯಂಗ್ಯವಾಗಿ. ನಗಿಸಲು ಬರೆದದ್ದು, ನಿಜಕ್ಕೆ ತೀರಾ ಹತ್ತಿರವಾಗಿದ್ದರಿಂದ ಉಳಿದುಕೊಂಡಿತು. ಮೀಟಿಂಗಿನಲ್ಲಿ ಯಾರಾದರೂ ಒಂದು ನಿಯಮದ ಹೆಸರು ಹೇಳಿ ವಾದ ಮುಗಿಸಲು ಹೊರಟರೆ, ಅದು ಈ ಮೂರರಲ್ಲಿ ಯಾವ ಜಾತಿಯದು ಅಂತ ನೋಡಿಕೊಳ್ಳುವುದು ಒಳ್ಳೆಯದು.

ಅಂದಾಜು ಯಾಕೆ ತಪ್ಪುತ್ತದೆ?

1979ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಇದಕ್ಕೆ ‘ಪ್ಲಾನಿಂಗ್ ಫ್ಯಾಲಸಿ’ ಅಂತ ಹೆಸರಿಟ್ಟರು. ಅಂದರೆ ಯೋಜನೆ ಹಾಕುವಾಗ ಆಗುವ ಎಡವಟ್ಟು. ಹಿಂದಿನ ಇಂಥದ್ದೇ ಕೆಲಸಗಳು ತಡವಾಗಿದ್ದು ಗೊತ್ತಿದ್ದರೂ, ಈ ಸಲದ್ದು ಮಾತ್ರ ಬೇಗ ಮುಗಿಯುತ್ತದೆ ಅಂತ ನಂಬುವ ಗುಣ ಇದು.

ಇದರ ಬಗ್ಗೆ 1994ರಲ್ಲಿ ಬಂದ ಒಂದು ಅಧ್ಯಯನ ಬಹಳ ಪ್ರಸಿದ್ಧ. ಪ್ರಬಂಧ ಬರೆಯುತ್ತಿದ್ದ 37 ಮನಃಶಾಸ್ತ್ರ ವಿದ್ಯಾರ್ಥಿಗಳನ್ನು, ಇದು ಯಾವಾಗ ಮುಗಿಯುತ್ತದೆ ಅಂತ ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಅತ್ಯಂತ ಕೆಟ್ಟದಾಗಿ ಹೋದರೆ ಎಷ್ಟು ದಿನ ಅಂತಲೂ ಕೇಳಿದರು. ಅದಕ್ಕೆ ಬಂದ ಉತ್ತರ ಸುಮಾರು 49. ನಿಜವಾಗಿ ಹಿಡಿದದ್ದು 55 ದಿನಕ್ಕಿಂತ ಜಾಸ್ತಿ! ಹೇಳಿದ ದಿನದೊಳಗೆ ಮುಗಿಸಿದವರು ಶೇ 30ರಷ್ಟು ಮಾತ್ರ. ಇದರಲ್ಲಿ ಗಮನಿಸಬೇಕಾದ್ದು ಆ 49. ಕೆಟ್ಟದ್ದನ್ನೇ ಊಹಿಸಿ ಅಂದಾಗಲೂ ಅವರ ಊಹೆ ವಾಸ್ತವದಷ್ಟು ಕೆಟ್ಟದಾಗಿರಲಿಲ್ಲ.

ಯಾಕೆ ಹೀಗೆ? ಅಂದಾಜು ಹಾಕುವಾಗ ನಾವು ಕೆಲಸದ ಹಂತಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ನಡೆಸಿ ನೋಡುತ್ತೇವೆ. ಆ ಮನಸ್ಸಿನ ಕತೆಯಲ್ಲಿ ಯಾರಿಗೂ ಜ್ವರ ಬರುವುದಿಲ್ಲ, ಕಳಿಸಿದ ಮೇಲ್‌ಗೆ ಅವತ್ತೇ ಉತ್ತರ ಬರುತ್ತದೆ, ಒಪ್ಪಿಗೆ ಕೊಡಬೇಕಾದವರು ಸೀಟಿನಲ್ಲೇ ಇರುತ್ತಾರೆ. ಇಂಥ ಒಂದೊಂದು ಅಡಚಣೆಯೂ ಅಪರೂಪವೇ ಇರಬಹುದು. ಆದರೆ ಅಂಥವು ನೂರಾರು ಇರುವಾಗ ಅದರಲ್ಲಿ ಒಂದಲ್ಲ ಒಂದು ಬಂದೇ ಬರುತ್ತದೆ.

ದೊಡ್ಡ ಪ್ರಾಜೆಕ್ಟುಗಳಿಗೂ ಇದರಿಂದ ವಿನಾಯಿತಿ ಇಲ್ಲ. ಸಿಡ್ನಿಯ ಒಪೆರಾ ಹೌಸ್ 1963ಕ್ಕೆ ಮುಗಿಯಬೇಕಿತ್ತು, ಅಂದಾಜು ಖರ್ಚು 70 ಲಕ್ಷ ಆಸ್ಟ್ರೇಲಿಯನ್ ಡಾಲರ್. ಬಾಗಿಲು ತೆರೆದದ್ದು 1973ರಲ್ಲಿ, ಖರ್ಚು 10.2 ಕೋಟಿ ಡಾಲರ್. ಅದರ ಚಿಪ್ಪಿನಂಥ ಚಾವಣಿಯನ್ನು ಹೇಗೆ ಕಟ್ಟಬೇಕು ಅನ್ನುವುದೇ ಇತ್ಯರ್ಥವಾಗುವ ಮೊದಲೇ ಕೆಲಸ ಶುರು ಮಾಡಿಬಿಟ್ಟಿದ್ದರು.

ಇದಕ್ಕೆ ಕಾನೆಮನ್ ಮತ್ತು ಟ್ವರ್ಸ್ಕಿ ಹೇಳಿದ ಮದ್ದು ಸರಳ. ಈ ಕೆಲಸದ ಒಳಗೆ ಇಳಿದು ಲೆಕ್ಕ ಹಾಕುವ ಮೊದಲು ಹೊರಗೆ ನಿಂತು ನೋಡಿ. ಇಂಥದ್ದೇ ಹಿಂದಿನ ಕೆಲಸಗಳು ನಿಜವಾಗಿ ಎಷ್ಟು ದಿನ ತೆಗೆದುಕೊಂಡವು ಅಂತ ದಾಖಲೆ ತೆಗೆಯಿರಿ. ಅದನ್ನು ಆಧಾರವಾಗಿ ಇಟ್ಟುಕೊಂಡು, ಈ ಸಲ ಏನಾದರೂ ಬೇರೆ ಇದ್ದರೆ ಸ್ವಲ್ಪ ಆಚೀಚೆ ಮಾಡಿ. ಸುಮ್ನೆ ಎರಡರಿಂದ ಗುಣಿಸುವುದಕ್ಕಿಂತ ಇದು ಎಷ್ಟೋ ವಾಸಿ. ಕಷ್ಟ ಅಂದರೆ, ಹೆಚ್ಚಿನ ಕಡೆ ಹಿಂದಿನ ಕೆಲಸಕ್ಕೆ ಅಂದುಕೊಂಡ ದಿನ ಎಷ್ಟು, ಹಿಡಿದ ದಿನ ಎಷ್ಟು ಅನ್ನುವುದನ್ನು ಯಾರೂ ಬರೆದಿಟ್ಟಿರುವುದಿಲ್ಲ.

ಇದೇ ವಿಷಯದ ತಮಾಷೆಯ ರೂಪ ಅಮೆರಿಕದ ಲೇಖಕ ಡಗ್ಲಸ್ ಹಾಫ್‌ಸ್ಟಾಟರ್ ಅವರ ‘ಹಾಫ್‌ಸ್ಟಾಟರ್ ನಿಯಮ’, 1979ರದ್ದೇ. ಕೆಲಸಕ್ಕೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಮಯ ಹಿಡಿಯುತ್ತದೆ, ಈ ನಿಯಮವನ್ನು ಲೆಕ್ಕಕ್ಕೆ ತೆಗೆದುಕೊಂಡು ಅಂದಾಜು ಹಾಕಿದರೂ ಸರಿಯೇ!

ಪಾರ್ಕಿನ್ಸನ್: ಸಮಯ ಎಷ್ಟಿದ್ದರೆ ಕೆಲಸ ಅಷ್ಟು

ಸಿರಿಲ್ ನಾರ್ತ್‌ಕೋಟ್ ಪಾರ್ಕಿನ್ಸನ್ ಬ್ರಿಟನ್ನಿನ ನೌಕಾ ಇತಿಹಾಸಕಾರ. 1955ರಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದ. ಮೊದಲ ಸಾಲಿನಲ್ಲೇ ನಿಯಮ ಇದೆ: ಕೆಲಸಕ್ಕೆ ಎಷ್ಟು ಸಮಯ ಕೊಟ್ಟಿರುತ್ತೀರೋ ಅಷ್ಟೂ ತುಂಬುವಂತೆ ಕೆಲಸ ಹಿಗ್ಗುತ್ತದೆ.

ಎಲ್ಲರೂ ಬಳಸುವುದು ಆ ಒಂದು ಸಾಲನ್ನೇ. ಪ್ರಬಂಧದ ನಿಜವಾದ ಗುರಿ ಸರ್ಕಾರಿ ಇಲಾಖೆಗಳು ಬೆಳೆಯುವ ರೀತಿ. ಬ್ರಿಟಿಷ್ ನೌಕಾ ಇಲಾಖೆಯ ಲೆಕ್ಕವನ್ನು ಅವನು ಮುಂದಿಟ್ಟ. 1914ರಲ್ಲಿ ದೊಡ್ಡ ಯುದ್ಧನೌಕೆಗಳು 62 ಇದ್ದವು, 1928ಕ್ಕೆ 20ಕ್ಕೆ ಇಳಿದವು. ಅದೇ ಅವಧಿಯಲ್ಲಿ ಇಲಾಖೆಯ ಕಚೇರಿ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದರು. ಹಡಗು ಕಡಿಮೆಯಾದವು, ಹಡಗಿನ ಕಡತ ನೋಡುವವರು ಜಾಸ್ತಿಯಾದರು. ಅವನು ಕೊಟ್ಟ ಕಾರಣ ಎರಡು. ಒಬ್ಬ ಅಧಿಕಾರಿಗೆ ಪೈಪೋಟಿ ಕೊಡುವವರು ಬೇಡ, ಕೈಕೆಳಗಿನವರು ಬೇಕು. ಮತ್ತೆ, ಅಧಿಕಾರಿಗಳು ಒಬ್ಬರಿಗೊಬ್ಬರು ಕೆಲಸ ಹುಟ್ಟಿಸಿಕೊಡುತ್ತಾರೆ.

ಈಗ ಇದನ್ನು ಒಬ್ಬೊಬ್ಬರ ದಿನದ ಕೆಲಸಕ್ಕೂ ಅನ್ವಯಿಸುತ್ತಾರೆ. ಎರಡು ದಿನದ ವರದಿಗೆ ಎರಡು ವಾರ ಕೊಟ್ಟರೆ ಎರಡು ವಾರವೇ ಹಿಡಿಯುತ್ತದೆ. ಕೆಲವರು ಕೊನೆಯ ಎರಡು ದಿನದವರೆಗೆ ಮುಟ್ಟುವುದೇ ಇಲ್ಲ. ಇನ್ನು ಕೆಲವರು ಮೊದಲ ದಿನವೇ ಶುರು ಮಾಡಿ, ಅಕ್ಷರದ ಗಾತ್ರ, ಚಾರ್ಟಿನ ಬಣ್ಣ ಅಂತ ತಿದ್ದುತ್ತಲೇ ಇರುತ್ತಾರೆ. ಆದರೆ ಇದನ್ನು ಹಿಡಿದುಕೊಂಡು ‘ಹಾಗಾದರೆ ಎಲ್ಲ ಗಡುವನ್ನೂ ಅರ್ಧ ಮಾಡಿಬಿಡೋಣ’ ಅಂತ ಹೊರಡುವ ಮ್ಯಾನೇಜರ್‌ಗಳೂ ಇದ್ದಾರೆ, ಅದು ಬೇರೆಯೇ ಕಾಯಿಲೆ. ಹಿಗ್ಗಿದ ಕೆಲಸ ಕುಗ್ಗುತ್ತದೆ ನಿಜ, ಹಿಗ್ಗದೆ ಇರುವ ಕೆಲಸವನ್ನು ಕುಗ್ಗಿಸಿದರೆ ಗುಣಮಟ್ಟ ಹೋಗುತ್ತದೆ ಅಷ್ಟೆ.

ಕೈಯಲ್ಲಿ ಹಿಡಿದ ಕೆಲಸ ಎಷ್ಟು?

ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಈ ಭಾಗ. ವಿಚಿತ್ರ ಅಂದರೆ ಮೀಟಿಂಗುಗಳಲ್ಲಿ ಕಡಿಮೆ ಕೇಳಿಬರುವುದೂ ಇದೇ.

1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ಪ್ರಾಧ್ಯಾಪಕರು ಒಂದು ಸರಳ ಸಂಬಂಧವನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಒಂದು ಕೆಲಸ ನಿಮ್ಮ ಬಳಿ ಬಂದು, ಮುಗಿದು ಹೋಗುವವರೆಗೆ ಸರಾಸರಿ ಎಷ್ಟು ಸಮಯ ಹಿಡಿಯುತ್ತದೆ? ಸದ್ಯ ಕೈಯಲ್ಲಿರುವ ಕೆಲಸಗಳ ಸಂಖ್ಯೆಯನ್ನು, ಮುಗಿಸುವ ವೇಗದಿಂದ ಭಾಗಿಸಿ. ಟೀಮಿನ ಕೈಯಲ್ಲಿ 20 ಕೆಲಸ ಇವೆ, ವಾರಕ್ಕೆ 4 ಮುಗಿಯುತ್ತವೆ ಅಂದರೆ ಒಂದೊಂದು ಕೆಲಸಕ್ಕೂ ಸರಾಸರಿ 5 ವಾರ. ಮುಗಿಸುವ ವೇಗ ಅಷ್ಟೇ ಇದ್ದು, ಕೈಯಲ್ಲಿ ಹಿಡಿದದ್ದು 8 ಮಾತ್ರ ಆದರೆ 2 ವಾರ. ಯಾರೂ ಹೆಚ್ಚು ದುಡಿಯಲಿಲ್ಲ. ಹೊಸ ಕೆಲಸ ಶುರು ಮಾಡುವುದನ್ನು ತಡೆದರು, ಅಷ್ಟೆ. ಉಳಿದವು ಸಾಲಿನಲ್ಲಿ ಕಾಯುತ್ತವೆ ನಿಜ, ಆದರೆ ಕಾಯುತ್ತಿರುವ ಕೆಲಸವನ್ನು ಬೇಡ ಅನ್ನಬಹುದು, ಬದಲಾಯಿಸಬಹುದು. ಅರ್ಧ ಮಾಡಿದ ಕೆಲಸಕ್ಕೆ ಆ ಸೌಕರ್ಯ ಇಲ್ಲ.

ಒಬ್ಬರೇ ಮೂವರಿಗಾಗಿ ಮೂರು ಕೆಲಸವನ್ನು ಒಟ್ಟಿಗೆ ಹಿಡಿದರೆ ಏನಾಗುತ್ತದೆ ಅಂತ ನೋಡೋಣ. ಒಂದೊಂದಕ್ಕೂ 10 ದಿನ ಬೇಕು ಅಂದುಕೊಳ್ಳಿ. ಒಂದಾದ ಮೇಲೆ ಒಂದು ಮಾಡಿದರೆ 10ನೇ ದಿನ, 20ನೇ ದಿನ, 30ನೇ ದಿನ ಮುಗಿಯುತ್ತವೆ. ದಿನಕ್ಕೊಂದರಂತೆ ಮೂರನ್ನೂ ಸರದಿಯಲ್ಲಿ ಮಾಡಿದರೆ 28, 29, 30. ಕೊನೆಯವರಿಗೆ ಎರಡರಲ್ಲೂ 30ನೇ ದಿನವೇ. ಮೊದಲಿನವರು 18 ದಿನ, ಎರಡನೆಯವರು 9 ದಿನ ಸುಮ್ಮನೆ ಕಾದರು, ಯಾರಿಗೂ ಲಾಭವಾಗದೆ. ಒಂದರಿಂದ ಇನ್ನೊಂದಕ್ಕೆ ಮನಸ್ಸು ತಿರುಗಿಸಲು ಬೇಕಾಗುವ ಹೊತ್ತನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಎಲ್ಲರನ್ನೂ ಸಮಾಧಾನ ಮಾಡಲು ಎಲ್ಲರ ಕೆಲಸವನ್ನೂ ಸ್ವಲ್ಪ ಸ್ವಲ್ಪ ಮುಟ್ಟುವುದು ಎಷ್ಟು ದುಬಾರಿ ಅಲ್ವಾ?

ಇದಕ್ಕೆ ಅಂಟಿಕೊಂಡೇ ಇನ್ನೊಂದು ವಿಷಯ ಇದೆ: ಜನರನ್ನು ನೂರಕ್ಕೆ ನೂರು ಬಿಡುವಿಲ್ಲದಂತೆ ಇಡುವುದು. ರಸ್ತೆಯ ಒಂದು ಇಂಚೂ ಬಿಡದೆ ವಾಹನ ತುಂಬಿದರೆ ರಸ್ತೆ ಪೂರ್ತಿ ಬಳಕೆಯಾಗುತ್ತಿದೆ ಅನ್ನಬಹುದು, ಆದರೆ ಯಾರೂ ಮುಂದೆ ಹೋಗುತ್ತಿರುವುದಿಲ್ಲ. ಕೆಲಸವೂ ಹಾಗೇ. ಒಬ್ಬರೇ ಮಾಡುವ ಕೆಲಸಗಳು ಹೊತ್ತುಗೊತ್ತಿಲ್ಲದೆ ಬರುತ್ತವೆ, ಒಂದೊಂದಕ್ಕೂ ಸರಾಸರಿ ಒಂದು ದಿನ ಹಿಡಿಯುತ್ತದೆ, ಕೆಲವು ಬೇಗ, ಕೆಲವು ತಡ ಅಂದುಕೊಳ್ಳಿ. ಕ್ಯೂಗಳ ಗಣಿತದ ಅತಿ ಸರಳ ಮಾದರಿ ಹೇಳುವ ಪ್ರಕಾರ, ಅವರ ಸಮಯದ ಶೇ 50 ತುಂಬಿದ್ದರೆ ಹೊಸ ಕೆಲಸ ಸರಾಸರಿ 1 ದಿನ ಕಾಯುತ್ತದೆ. ಶೇ 80 ತುಂಬಿದ್ದರೆ 4 ದಿನ. ಶೇ 90 ಆದರೆ 9 ದಿನ. ಶೇ 95 ಆದರೆ 19 ದಿನ! ಕೊನೆಯ ಐದು ಪರ್ಸೆಂಟ್ ಹಿಂಡಲು ಹೋಗಿ ಕಾಯುವ ಹೊತ್ತು ಎರಡರಷ್ಟಕ್ಕಿಂತ ಜಾಸ್ತಿ ಆಯಿತು. ಎಲ್ಲರ ಸಹಿಗೂ ಒಬ್ಬರೇ ಹಿರಿಯರನ್ನು ನೆಚ್ಚಿಕೊಂಡ ಕಡೆ ಫೈಲು ವಾರಗಟ್ಟಲೆ ಕೂರುವುದು ಇದರಿಂದಲೇ, ಅವರು ದಿನವಿಡೀ ತಲೆ ಎತ್ತದೆ ದುಡಿಯುತ್ತಿದ್ದರೂ.

ಯಾವ ಕೆಲಸ ತಡವಾದರೆ ಎಲ್ಲವೂ ತಡ?

ಪ್ರಾಜೆಕ್ಟಿನಲ್ಲಿ ಎಲ್ಲ ಕೆಲಸಕ್ಕೂ ಒಂದೇ ತೂಕ ಇಲ್ಲ. ಕೆಲವು ಒಂದು ವಾರ ತಡವಾದರೂ ಕೊನೆಯ ದಿನ ಕದಲುವುದಿಲ್ಲ. ಕೆಲವು ಒಂದು ದಿನ ತಡವಾದರೆ ಇಡೀ ಪ್ರಾಜೆಕ್ಟೇ ಒಂದು ದಿನ ತಡ. ಒಂದು ಮುಗಿಯದೆ ಇನ್ನೊಂದು ಶುರುವಾಗದ ಕೆಲಸಗಳ ಸರಪಳಿಗಳಲ್ಲಿ ಅತಿ ಉದ್ದದ್ದನ್ನು ‘ಕ್ರಿಟಿಕಲ್ ಪಾತ್’ ಅನ್ನುತ್ತಾರೆ. 1950ರ ದಶಕದ ಕೊನೆಯಲ್ಲಿ ಡ್ಯೂಪಾಂಟ್ ಮತ್ತು ರೆಮಿಂಗ್ಟನ್ ರ್‍ಯಾಂಡ್ ಕಂಪನಿಗಳ ಪರಿಣತರು ಸೇರಿ ಈ ವಿಧಾನ ರೂಪಿಸಿದರು. ಅದೇ ಹೊತ್ತಿಗೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ‘ಪರ್ಟ್’ ಎಂಬ ಇಂಥದ್ದೇ ವಿಧಾನವನ್ನು ತಂದಿತು. ದಿನವಿಡೀ ಜೋರಾಗಿ ಕೂಗಾಡುವವರ ಕೆಲಸ ಈ ಸರಪಳಿಯಲ್ಲಿ ಇರಲೇಬೇಕು ಅಂತೇನಿಲ್ಲ, ಅದನ್ನು ತಿಳಿಯಲು ಒಂದು ಹಾಳೆಯಲ್ಲಿ ಬಾಣ ಎಳೆದು ನೋಡಿದರೂ ಸಾಕು.

ಕೆಲಸಗಳು ಒಂದು ಕಡೆ ಕೂಡುವ ಜಾಗವೂ ಅಪಾಯದ್ದು. ಐದು ಭಾಗಗಳು ಸಿದ್ಧವಾದ ಮೇಲೆಯೇ ಜೋಡಣೆ ಶುರು ಅಂದುಕೊಳ್ಳಿ. ಒಂದೊಂದು ಭಾಗವೂ ಹೇಳಿದ ದಿನಕ್ಕೆ ಬರುವ ಸಾಧ್ಯತೆ ಶೇ 80. ಒಳ್ಳೆಯ ಅಂಕವೇ. ಆದರೆ ಒಂದರ ಮೇಲೆ ಇನ್ನೊಂದರ ಪ್ರಭಾವ ಇಲ್ಲದಿದ್ದರೆ, ಐದೂ ಸಮಯಕ್ಕೆ ಬರುವ ಸಾಧ್ಯತೆ ಸುಮಾರು ಶೇ 33. ಐವರೂ ನಂಬಿಕಸ್ಥರು, ಆದರೂ ಮೂರರಲ್ಲಿ ಎರಡು ಸಲ ಜೋಡಣೆ ತಡ.

ಬ್ರೂಕ್ಸ್: ಜನ ಸೇರಿಸಿದರೆ ಯಾಕೆ ಇನ್ನೂ ತಡ?

ಫ್ರೆಡ್ ಬ್ರೂಕ್ಸ್ 1960ರ ದಶಕದಲ್ಲಿ ಐಬಿಎಂ ಕಂಪನಿಯ ಸಿಸ್ಟಮ್/360 ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಬರೆಸುವ ಹೊಣೆ ಹೊತ್ತವರು. ಅದು ತಡವಾಯಿತು. ಆ ಅನುಭವವನ್ನು 1975ರಲ್ಲಿ ಪುಸ್ತಕವಾಗಿ ಬರೆದಾಗ ಬಂದ ಮಾತು: ತಡವಾಗಿರುವ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ.

ಕೇಳಲು ವಿಚಿತ್ರ. ಕೈ ಜಾಸ್ತಿಯಾದರೆ ಕೆಲಸ ಬೇಗ ಆಗಬೇಕಲ್ಲ? ಬಿಡಿಬಿಡಿಯಾಗಿ ಹಂಚಿ, ಒಬ್ಬರನ್ನೊಬ್ಬರು ಕೇಳದೆ ಮಾಡಬಹುದಾದ ಕೆಲಸದಲ್ಲಿ ಹೌದು, ಆಗುತ್ತದೆ. ಲಕೋಟೆಗೆ ವಿಳಾಸ ಬರೆಯಲು ಹತ್ತು ಜನ ಕೂತರೆ ಹತ್ತು ಪಟ್ಟು ಬೇಗ. ಆದರೆ ಒಬ್ಬರ ನಿರ್ಧಾರ ಇನ್ನೊಬ್ಬರ ಕೆಲಸವನ್ನು ಬದಲಿಸುವ ಕಡೆ ಎರಡು ಖರ್ಚು ಬರುತ್ತವೆ. ಮೊದಲನೆಯದು ಕಲಿಸುವ ಖರ್ಚು. ಹೊಸಬರು ಬಂದ ದಿನದಿಂದ ಅವರಿಗೆ ಎಲ್ಲ ತಿಳಿಸಿ ಹೇಳಬೇಕಾದವರು ಯಾರು? ಈಗಾಗಲೇ ತಡವಾಗಿರುವ ಕೆಲಸವನ್ನು ಮಾಡುತ್ತಿರುವವರೇ. ಅಂದರೆ ಜನ ಬೇಕು ಅನ್ನಿಸಿದ ಹೊತ್ತಿನಲ್ಲೇ ಇದ್ದ ಜನರ ಸಮಯವೂ ಕೈತಪ್ಪುತ್ತದೆ.

ಎರಡನೆಯದು ಮಾತಿನ ಖರ್ಚು. ಟೀಮಿನಲ್ಲಿ 5 ಜನ ಇದ್ದು ಎಲ್ಲರೂ ಎಲ್ಲರೊಂದಿಗೆ ಮಾತಾಡಬೇಕು ಅಂದರೆ 10 ಜೋಡಿ. 10 ಜನ ಆದರೆ 45. 20 ಜನ ಆದರೆ 190. ಜನ ನಾಲ್ಕು ಪಟ್ಟು, ಜೋಡಿ ಹತ್ತೊಂಬತ್ತು ಪಟ್ಟು. ಕ್ಯಾಲೆಂಡರ್ ಪೂರ್ತಿ ಮೀಟಿಂಗುಗಳೇ ತುಂಬಿಕೊಳ್ಳುವುದು ಇಲ್ಲಿಂದ. ಟೀಮನ್ನು ಸಣ್ಣ ಗುಂಪುಗಳಾಗಿ ಒಡೆದು, ಗುಂಪುಗಳ ನಡುವೆ ಯಾರು ಯಾರಿಗೆ ಏನು ಕೊಡಬೇಕು ಅಂತ ಮೊದಲೇ ಗೊತ್ತುಮಾಡಿದರೆ ಈ ಖರ್ಚು ಇಳಿಯುತ್ತದೆ.

ಬ್ರೂಕ್ಸ್ ತಾವೇ ಇದನ್ನು ತೀರಾ ಸರಳಗೊಳಿಸಿದ ಮಾತು ಅಂದಿದ್ದರು. ಶುರುವಿನಲ್ಲೇ ಜನ ಸೇರಿಸಿದರೆ ಸಮಸ್ಯೆ ಅಷ್ಟಾಗಿ ಬರುವುದಿಲ್ಲ. ಆ ಕೆಲಸವನ್ನು ಚೆನ್ನಾಗಿ ಬಲ್ಲವರೇ ಬಂದರೂ ಬರುವುದಿಲ್ಲ. ನಿಯಮ ಕಚ್ಚುವುದು ಗಡುವು ಹತ್ತಿರ ಬಂದಾಗ, ಗಾಬರಿಯಲ್ಲಿ, ಸಿಕ್ಕವರನ್ನು ತಂದು ಕೂರಿಸಿದಾಗ. ಆ ಹೊತ್ತಿಗೆ ಕೈಗೆಟುಕುವ ದಾರಿಗಳು ಎರಡೇ: ದಿನಾಂಕ ಮುಂದೂಡಿ, ಇಲ್ಲವೇ ಕೆಲಸದ ಒಂದು ಭಾಗವನ್ನು ಕೈಬಿಡಿ. ಎರಡೂ ಹೇಳಲು ಕಷ್ಟ. ಅದಕ್ಕೇ ಜನ ಸೇರಿಸುವ ದಾರಿ ಅಷ್ಟು ಜನಪ್ರಿಯ.

ಅಳತೆ ಗುರಿಯಾದರೆ

ಚಾರ್ಲ್ಸ್ ಗುಡ್‌ಹಾರ್ಟ್ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ. 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತಾ ಅವರು ಹೇಳಿದ ಮಾತು ಈಗ ಆಫೀಸುಗಳಿಗೆ ಬಂದಿರುವ ರೂಪ ಇದು: ಒಂದು ಅಳತೆಯನ್ನು ಗುರಿ ಮಾಡಿಕೊಂಡ ಕೂಡಲೇ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ. ಗ್ರಾಹಕರ ಕರೆ ಎಷ್ಟು ಬೇಗ ಮುಗಿಯಿತು ಅನ್ನುವುದರ ಮೇಲೆ ಅಂಕ ಕೊಟ್ಟರೆ ಕರೆಗಳು ಬೇಗ ಮುಗಿಯುತ್ತವೆ, ಸಮಸ್ಯೆ ಮುಗಿಯುವುದಿಲ್ಲ, ಅದೇ ಗ್ರಾಹಕರು ಮತ್ತೆ ಕರೆ ಮಾಡುತ್ತಾರೆ. ಎಷ್ಟು ಸಾಲು ಕೋಡ್ ಬರೆದರು ಅಂತ ಎಣಿಸಿದರೆ ಹತ್ತು ಸಾಲಿನದ್ದು ನೂರು ಸಾಲಾಗುತ್ತದೆ. ಜನ ಮೋಸಗಾರರು ಅಂತಲ್ಲ, ಕೇಳಿದ್ದನ್ನೇ ಕೊಡುತ್ತಿದ್ದಾರೆ. ಒಂದೇ ಅಂಕಿಯ ಬದಲು ಒಂದನ್ನೊಂದು ಎಳೆಯುವ ಎರಡು ಅಂಕಿ ಇಟ್ಟರೆ, ಅಂದರೆ ವೇಗದ ಜೊತೆ ಮರುಕರೆಗಳನ್ನೂ ಎಣಿಸಿದರೆ, ಸ್ವಲ್ಪ ಮಟ್ಟಿಗೆ ಹಿಡಿತ ಸಿಗುತ್ತದೆ.

ಇನ್ನು ಕೆಲವು, ಬೇಗ ಬೇಗ

ಪರೇಟೋ ತತ್ವ, ಅಂದರೆ 80/20. ಇಟಲಿಯ ಶೇ 80ರಷ್ಟು ಭೂಮಿ ಶೇ 20ರಷ್ಟು ಜನರ ಕೈಯಲ್ಲಿದೆ ಅಂತ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೇಟೋ ಗಮನಿಸಿದ್ದನ್ನು, ಗುಣಮಟ್ಟದ ತಜ್ಞ ಜೋಸೆಫ್ ಜುರಾನ್ ಕಾರ್ಖಾನೆಯ ದೋಷಗಳಿಗೆ ಅನ್ವಯಿಸಿದರು. ಕೆಲವೇ ಕಾರಣಗಳಿಂದ ಹೆಚ್ಚಿನ ದೋಷ. ಆ ಎರಡು ಅಂಕಿಗಳಲ್ಲಿ ಮಂತ್ರ ಏನೂ ಇಲ್ಲ, 70/30 ಕೂಡ ಆಗಬಹುದು. ಕ್ಷುಲ್ಲಕತೆಯ ನಿಯಮವೂ ಪಾರ್ಕಿನ್ಸನ್‌ನದ್ದೇ: ಅವನ ಕತೆಯ ಸಮಿತಿ ಅಣು ರಿಯಾಕ್ಟರಿಗೆ ಕೆಲವೇ ನಿಮಿಷದಲ್ಲಿ ಒಪ್ಪಿಗೆ ಕೊಟ್ಟು, ಸೈಕಲ್ ಶೆಡ್ಡಿನ ಬಗ್ಗೆ ಮುಕ್ಕಾಲು ಗಂಟೆ ವಾದಿಸುತ್ತದೆ. ಶೆಡ್ ಎಲ್ಲರಿಗೂ ಅರ್ಥವಾಗುತ್ತದೆ, ಅದಕ್ಕೆ. ಇನ್ನು 1969ರ ಪೀಟರ್ ತತ್ವ: ಈಗಿನ ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಬಡ್ತಿ ಕೊಡುತ್ತಾ ಹೋದರೆ, ಪ್ರತಿಯೊಬ್ಬರೂ ತಮಗೆ ಆಗದ ಕೆಲಸಕ್ಕೆ ತಲುಪಿ ಅಲ್ಲೇ ನಿಲ್ಲುತ್ತಾರೆ.

ಒಂದಕ್ಕೊಂದು ವಿರುದ್ಧ ಅಲ್ವಾ?

ಇಲ್ಲಿಯವರೆಗೆ ಓದಿದವರಿಗೆ ಒಂದು ಅನುಮಾನ ಬಂದಿರಬಹುದು. ಸಮಯ ಜಾಸ್ತಿ ಕೊಟ್ಟರೆ ಕೆಲಸ ಹಿಗ್ಗುತ್ತದೆ ಅನ್ನುತ್ತಾನೆ ಪಾರ್ಕಿನ್ಸನ್. ಎಷ್ಟು ಕೊಟ್ಟರೂ ಸಾಲದು ಅನ್ನುತ್ತಾರೆ ಹಾಫ್‌ಸ್ಟಾಟರ್. ಹಾಗಾದರೆ ಗಡುವಿಗೆ ದಿನ ಸೇರಿಸಬೇಕೋ ಕಳೆಯಬೇಕೋ?

ಇದಕ್ಕೆ ಇಸ್ರೇಲಿನ ಮ್ಯಾನೇಜ್‌ಮೆಂಟ್ ಚಿಂತಕ ಎಲಿಯಾಹು ಗೋಲ್ಡ್‌ರಾಟ್ 1997ರಲ್ಲಿ ಒಂದು ದಾರಿ ಮುಂದಿಟ್ಟರು. ಅವರ ಪ್ರಕಾರ ತೊಂದರೆ ಇರುವುದು ಹೆಚ್ಚುವರಿ ದಿನಗಳನ್ನು ಎಲ್ಲಿ ಇಡುತ್ತೇವೆ ಅನ್ನುವುದರಲ್ಲಿ. ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸಕ್ಕೆ ಒಂದಷ್ಟು ದಿನ ಬಚ್ಚಿಟ್ಟುಕೊಳ್ಳುತ್ತಾರೆ. ಬೇಗ ಮುಗಿಸಿದವರು ಬೇಗ ಒಪ್ಪಿಸುವುದಿಲ್ಲ, ಒಪ್ಪಿಸಿದರೆ ಮುಂದಿನ ಸಲ ಅಷ್ಟೇ ದಿನ ಸಿಗುತ್ತದೆ ಅನ್ನುವ ಭಯ. ತಡ ಮಾಡಿದವರ ತಡ ಮಾತ್ರ ಮುಂದಿನವರಿಗೆ ಪೂರ್ತಿ ದಾಟುತ್ತದೆ. ಉಳಿಸಿದ ದಿನ ಅಲ್ಲೇ ಕರಗುತ್ತದೆ, ಕಳೆದ ದಿನ ಕೂಡುತ್ತಾ ಹೋಗುತ್ತದೆ.

ಅದಕ್ಕೆ ಅವರ ಸಲಹೆ: ಒಂದೊಂದು ಕೆಲಸದ ಗಡುವನ್ನು ಬಿಗಿ ಮಾಡಿ, ಹಾಗೆ ತೆಗೆದ ದಿನಗಳಲ್ಲಿ ಅರ್ಧದಷ್ಟನ್ನು ಪ್ರಾಜೆಕ್ಟಿನ ಕೊನೆಗೆ ಒಟ್ಟಾಗಿ ಇಡಿ. ಅರ್ಧ ಯಾಕೆ ಸಾಕು ಅಂದರೆ ಎಲ್ಲ ಕೆಲಸವೂ ಒಟ್ಟಿಗೆ ಕೆಡುವುದಿಲ್ಲ, ಒಂದರಲ್ಲಿ ಉಳಿದದ್ದು ಇನ್ನೊಂದಕ್ಕೆ ಆಗುತ್ತದೆ. ಆಮೇಲೆ ದಿನಾ ಕೇಳಬೇಕಾದ ಪ್ರಶ್ನೆ ಬದಲಾಗುತ್ತದೆ. ಯಾರು ತಡ ಅಂತ ಕೇಳುವ ಬದಲು, ಕೊನೆಗಿಟ್ಟ ದಿನಗಳಲ್ಲಿ ಎಷ್ಟು ಖರ್ಚಾಯಿತು, ಕೆಲಸ ಎಷ್ಟು ಉಳಿದಿದೆ ಅಂತ ನೋಡುತ್ತಾರೆ.

ಇದು ನಡೆಯಲು ಒಂದು ಷರತ್ತು ಇದೆ. ಬಿಗಿ ಮಾಡಿದ ದಿನಾಂಕ ಅರ್ಧಕ್ಕರ್ಧ ಸಲ ತಪ್ಪುತ್ತದೆ ಅಂತ ಎಲ್ಲರೂ ಮೊದಲೇ ಒಪ್ಪಿರಬೇಕು, ತಪ್ಪಿದವರನ್ನು ಯಾರೂ ಬೈಯಬಾರದು. ಒಂದೇ ಒಂದು ಸಲ ಬೈದರೂ ಮುಂದಿನ ಅಂದಾಜಿನಲ್ಲಿ ಎಲ್ಲರೂ ಮತ್ತೆ ದಿನ ಬಚ್ಚಿಡುತ್ತಾರೆ, ಈ ಸಲ ಇನ್ನೂ ಜಾಣತನದಿಂದ.